ನೋಟಿನ ಮೊಹರಿಗೆ ಬಣ್ಣ ಏಕೆ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹಳೆಯ ನಿಘಂಟಿನ ಹಾಳೆಗಳ ನಡುವೆ ಜೋಪಾನವಾಗಿಟ್ಟಿದ್ದ ನೋಟೊಂದನ್ನು ಈಚೆಗೆ ನನ್ನ ಕೈಗಿತ್ತರು. ಅಮೆರಿಕದ ಒಂದು ಡಾಲರು, 1957ರ ಸರಣಿ. ಅಲ್ಲಿದ್ದ ಅವರ ಅಣ್ಣ ಎಂದೋ ಊರಿಗೆ ಬಂದಾಗ ಕೊಟ್ಟದ್ದಂತೆ. 'ನೋಡಪ್ಪಾ, ಈಗಿನ ಡಾಲರಿನ ಮೊಹರು ಹಸಿರು, ಇದರದು ನೀಲಿ. ಲಕ್ಷ ರೂಪಾಯಿಗೆ ಹೋಗುತ್ತದೆ ಅಂತ ಯಾರೋ ಹೇಳಿದರು. ಮೊಮ್ಮಗಳ ಕಾಲೇಜು ಫೀಸಿಗಾಯಿತು' ಎಂದರು.

ಲಕ್ಷದ ಮಾತು ಆಮೇಲೆ. ಮೊಹರು ನೀಲಿಯಾದದ್ದು ಏಕೆ ಎಂಬುದನ್ನು ಮೊದಲು ನೋಡೋಣ.

ಅಮೆರಿಕದ ನೋಟಿನ ಮೇಲೆ ಅಚ್ಚಾಗುವ ದುಂಡನೆಯ ಮುದ್ರೆ ಅಲ್ಲಿನ ಖಜಾನೆ ಇಲಾಖೆಯದು. ಅದರಲ್ಲಿ ನ್ಯಾಯದ ತಕ್ಕಡಿಯಿದೆ, ಖಜಾನೆಯ ಅಧಿಕಾರ ಸಾರುವ ಕೀಲಿಕೈಯಿದೆ, ಮೊದಲ 13 ರಾಜ್ಯಗಳ ಲೆಕ್ಕಕ್ಕೆ 13 ನಕ್ಷತ್ರಗಳಿವೆ. ನೋಟಿನ ಅಳತೆಯನ್ನು ಚಿಕ್ಕದು ಮಾಡಿದ 1928ರ ಸರಣಿಯಿಂದ ಈ ಮೊಹರಿನ ಬಣ್ಣಕ್ಕೆ ಖಚಿತವಾದ ಅರ್ಥ ಬಂತು. ಅಲ್ಲಿಯವರೆಗೆ ಗೊಂದಲವೇ ಹೆಚ್ಚು. ಫೆಡರಲ್ ರಿಸರ್ವ್ ಬ್ಯಾಂಕುಗಳ 1914ರ ನೋಟುಗಳಿಗೆ ಮೊದಲು ಕೆಂಪು, ನಂತರ ನೀಲಿ ಮೊಹರಿತ್ತು. ಆದ್ದರಿಂದ ಸರಣಿಯ ವರ್ಷ ನೋಡದೆ ಬರೀ ಬಣ್ಣ ನೋಡಿ ತೀರ್ಪು ಕೊಡುವವರು ಮೋಸ ಹೋಗುತ್ತಾರೆ.

1928ರ ನಂತರದ ಲೆಕ್ಕ ಹೀಗೆ: ಬಣ್ಣ ನೋಡಿದರೆ ನೋಟಿನ ಹಿಂದೆ ನಿಂತವರು ಯಾರು ಎಂದು ತಿಳಿಯುತ್ತಿತ್ತು. ಹಸಿರಾದರೆ ಫೆಡರಲ್ ರಿಸರ್ವ್. ಕೆಂಪಾದರೆ ಸ್ವತಃ ಸರ್ಕಾರ. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಕಾನೂನು ಮಾಡಿ ಹೊರಡಿಸಿದ ನೋಟುಗಳ ವಂಶವದು. ಕೊನೆಯ ಕುಡಿ 1966ರ ಸರಣಿಯ ನೂರು ಡಾಲರಿನ ನೋಟು. ಚಿನ್ನದ ಬಣ್ಣದ ಮೊಹರಾದರೆ ಚಿನ್ನದ ಸರ್ಟಿಫಿಕೇಟು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಜನರ ಬಳಿಯಿದ್ದ ಚಿನ್ನವನ್ನೂ ಈ ನೋಟುಗಳನ್ನೂ ವಾಪಸು ಕರೆಯಿತು. 1964ರವರೆಗೆ ಅವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು.

ಮೇಷ್ಟ್ರ ನೀಲಿ ಮೊಹರು ಬೆಳ್ಳಿಯ ಸರ್ಟಿಫಿಕೇಟಿನದು. ಅಷ್ಟು ಮೌಲ್ಯದ ಬೆಳ್ಳಿ ಖಜಾನೆಯಲ್ಲಿದೆ, ಕೇಳಿದಾಗ ಕೊಡುತ್ತೇವೆ ಎಂಬ ವಾಗ್ದಾನ ಆ ನೋಟಿನ ಮೇಲೆಯೇ ಅಚ್ಚಾಗಿದೆ. 1960ರ ದಶಕದಲ್ಲಿ ಬೆಳ್ಳಿಯ ಧಾರಣೆ ಏರಿ, ಒಂದು ಡಾಲರಿಗೆ ಸಿಗುವ ಬೆಳ್ಳಿ ಡಾಲರಿಗಿಂತ ಹೆಚ್ಚು ಬಾಳತೊಡಗಿದಾಗ ಈ ವಾಗ್ದಾನವೇ ಸರ್ಕಾರಕ್ಕೆ ಉರುಳಾಯಿತು. 1964ರ ಮಾರ್ಚಿನಲ್ಲಿ ಬೆಳ್ಳಿ ನಾಣ್ಯ ಕೊಡುವುದನ್ನು ನಿಲ್ಲಿಸಿ, ಬರೀ ಬೆಳ್ಳಿಯನ್ನು ತೂಗಿ ಕೊಡತೊಡಗಿದರು. 1968ರ ಜೂನ್ 24ಕ್ಕೆ ಅದೂ ಮುಗಿಯಿತು. ಮಾರನೆಯ ದಿನದಿಂದ ನೀಲಿ ಮೊಹರಿನ ಡಾಲರು ಎಲ್ಲ ಡಾಲರುಗಳಂತೆ ಒಂದು ಡಾಲರು, ಅಷ್ಟೆ.

ಬಣ್ಣದ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕಂದು ಮೊಹರಿನ ಹವಾಯಿ ನೋಟು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿಸಿತು. ದ್ವೀಪಗಳೇ ಶತ್ರುವಿನ ವಶವಾದರೆ ಅಲ್ಲಿನ ಬ್ಯಾಂಕುಗಳಲ್ಲೂ ಮನೆಗಳಲ್ಲೂ ಇರುವ ಕೋಟ್ಯಂತರ ಡಾಲರು ಜಪಾನಿನ ಕೈಸೇರುತ್ತದೆ, ಅದೇ ಹಣದಿಂದ ಅದು ಯುದ್ಧ ಸಾಮಗ್ರಿ ಕೊಳ್ಳಬಹುದು ಎಂಬ ಭಯ ಹುಟ್ಟಿತು. 1942ರ ಜನವರಿಯಲ್ಲಿ ಸೇನಾಡಳಿತ ಆಜ್ಞೆ ಹೊರಡಿಸಿತು: ಒಬ್ಬರು 200 ಡಾಲರು, ವ್ಯಾಪಾರಸ್ಥರು 500 ಡಾಲರಿಗಿಂತ ಹೆಚ್ಚು ನಗದು ಇಟ್ಟುಕೊಳ್ಳುವಂತಿಲ್ಲ. ಹೀಗೆ ಸೇರಿದ ಸುಮಾರು 20 ಕೋಟಿ ಡಾಲರ್ ನೋಟುಗಳನ್ನು ಮುಖ್ಯ ಭೂಭಾಗಕ್ಕೆ ಸಾಗಿಸುವುದು ಅಪಾಯವೆಂದು ಅಲ್ಲೇ ಸುಟ್ಟರು. ಸುಟ್ಟದ್ದಾದರೂ ಎಲ್ಲಿ? ಮೊದಲು ಶವ ದಹನದ ಕುಲುಮೆಯಲ್ಲಿ. ಅದು ಸಾಲದಾದಾಗ ಐಯೆಯ ಎಂಬಲ್ಲಿನ ಸಕ್ಕರೆ ಕಾರ್ಖಾನೆಯ ಒಲೆಯಲ್ಲಿ!

ಬದಲಿಗೆ ಬಂದ ನೋಟುಗಳಿಗೆ ಕಂದು ಮೊಹರು, ಕಂದು ಕ್ರಮಸಂಖ್ಯೆ, ಎರಡೂ ಬದಿಗೆ 'ಹವಾಯಿ' ಎಂಬ ಅಚ್ಚು. ಬೆನ್ನಿನ ಮೇಲಂತೂ ಆ ಹೆಸರು ಅಂಗಡಿ ಬೋರ್ಡಿನಷ್ಟು ದಪ್ಪ. ಆ ವರ್ಷ ಆಗಸ್ಟ್ 15ರಿಂದ ದ್ವೀಪಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಬೇರೆ ನೋಟು ನಡೆಯುತ್ತಿರಲಿಲ್ಲ. ದ್ವೀಪಗಳು ಕೈತಪ್ಪಿದರೆ ಆ ಅಚ್ಚಿರುವ ನೋಟುಗಳೆಲ್ಲ ರದ್ದು ಎಂದು ಒಂದೇ ಮಾತಿನಲ್ಲಿ ಸಾರಿಬಿಡಬಹುದಿತ್ತು. ಜಪಾನೀಯರು ಬರಲಿಲ್ಲ, 1944ರ ಅಕ್ಟೋಬರಿನಲ್ಲಿ ನಿರ್ಬಂಧ ಹೋಯಿತು. ಇದೇ ಮುಂಜಾಗ್ರತೆಯಿಂದ, 1942ರ ನವೆಂಬರಿನಲ್ಲಿ ಉತ್ತರ ಆಫ್ರಿಕಕ್ಕೆ ಇಳಿದ ಸೈನಿಕರಿಗೆ ಹಳದಿ ಮೊಹರು, ನೀಲಿ ಸಂಖ್ಯೆಯ ನೋಟು ಕೊಟ್ಟಿದ್ದರು. ಸೈನಿಕರು ನೆನಪಿಗೆಂದು ಮನೆಗೆ ಒಯ್ದ ಇಂಥ ನೋಟುಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಇನ್ನು ಬೆಲೆ. ಬಣ್ಣ ಬೇರೆಯಾದ ಮಾತ್ರಕ್ಕೆ ನೋಟು ದುಬಾರಿಯಾಗುವುದಿಲ್ಲ. ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಪ್ರಶ್ನೆ ಕೇಳಬೇಕು. ಕೆಂಪು ಮೊಹರಿನ 1928ರ ಒಂದು ಡಾಲರ್ ನೋಟು ಅಚ್ಚಾದದ್ದು ಸುಮಾರು 18 ಲಕ್ಷ 72 ಸಾವಿರ ಮಾತ್ರ. ಹೊಸದರಂತಿದ್ದರೆ ಒಳ್ಳೆಯ ಬೆಲೆ. ನೀಲಿ ಮೊಹರಿನ 1957ರ ನೋಟಾದರೋ ನೂರಾರು ಕೋಟಿ ಅಚ್ಚಾಗಿದೆ. ಕೈಯಿಂದ ಕೈಗೆ ತಿರುಗಿ ಸವೆದದ್ದಕ್ಕೆ ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ಪುಣ್ಯ. ಕ್ರಮಸಂಖ್ಯೆಯ ಜೊತೆ ನಕ್ಷತ್ರದ ಗುರುತಿದ್ದರೆ ಮಾತ್ರ ಇನ್ನೊಮ್ಮೆ ನೋಡಬೇಕು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟು ಅದು, ಸಂಖ್ಯೆಯಲ್ಲಿ ಕಡಿಮೆ.

ಮೇಷ್ಟ್ರ ನೋಟಿನಲ್ಲಿ ನಕ್ಷತ್ರವಿರಲಿಲ್ಲ. ಲಕ್ಷದ ಆಸೆ ಬಿಡಿ ಎಂದು ಹೇಳುವುದು ಸುಲಭವಾಗಲಿಲ್ಲ. ಅವರು ಸುಮ್ಮನೆ ಕೇಳಿಸಿಕೊಂಡರು. ಆದರೂ ನೋಟು ಇಷ್ಟು ಗರಿಗರಿಯಾಗಿದೆಯಲ್ಲ, ಎಲ್ಲೂ ಮಡಿಕೆಯೇ ಇಲ್ಲವಲ್ಲ ಎಂದೆ. 'ಇರುತ್ತದೆಯೇ? ನಿನಗೆ ತೋರಿಸಬೇಕೆಂದು ನಿನ್ನೆ ತಾನೇ ತೊಳೆದು ಇಸ್ತ್ರಿ ಹಾಕಿದೆ' ಎಂದರು. ತೊಳೆದು ಇಸ್ತ್ರಿ ಹಾಕಿದ ನೋಟನ್ನು ಸಂಗ್ರಾಹಕರು ಕೈಯಲ್ಲಿ ಹಿಡಿದೊಡನೆ ಗುರುತಿಸಿ ಬೆಲೆ ಇಳಿಸುತ್ತಾರೆ. ಅದನ್ನು ಮಾತ್ರ ನಾನು ಅವರಿಗೆ ಹೇಳಲಿಲ್ಲ.