ಸುಧಾರಣಾ ಶಾಲೆಗೇ ಬೀಗ

ಅಮೆರಿಕದಲ್ಲಿ ರಾಜ್ಯ ಸರ್ಕಾರವೊಂದು ತಪ್ಪಿತಸ್ಥ ಹುಡುಗರಿಗಾಗಿ ತೆರೆದ ಮೊದಲ ಸುಧಾರಣಾ ಶಾಲೆ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಬರೋದ್ದು; ಅದು 1848ರಲ್ಲಿ ಆರಂಭವಾಯಿತು. ಮಕ್ಕಳನ್ನು ದೊಡ್ಡವರ ಜೈಲಿನಿಂದ ದೂರ ಇಡಬೇಕು ಎಂಬುದು ಸದುದ್ದೇಶವೇ. ಬಾಸ್ಟನ್ನಿನ ಮಾಜಿ ಮೇಯರ್ ಥಿಯೊಡರ್ ಲೈಮನ್ ತಮ್ಮ ಹೆಸರು ಹೊರಗೆ ಬಾರದಂತೆ ಹಣ ಕೊಟ್ಟಿದ್ದರು. ಮುಂದೆ ಶಾಲೆಗೆ ಅವರ ಹೆಸರನ್ನೇ ಇಟ್ಟರು.

1969ರಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಇಂಥ ಶಾಲೆಗಳ ಹೊಣೆಯನ್ನು ಜೆರೋಮ್ ಮಿಲ್ಲರ್ ಅವರಿಗೆ ವಹಿಸುವ ಹೊತ್ತಿಗೆ, ಶಾಲೆ ಎಂಬ ಮಾತು ಫಲಕಕ್ಕಷ್ಟೇ ಉಳಿದಿತ್ತು. ಓಹಾಯೊದಲ್ಲಿ ಸಮಾಜಕಾರ್ಯ ಪಾಠ ಹೇಳುತ್ತಿದ್ದ ಮಿಲ್ಲರ್ ಬಾಗಿಲು ಮುಚ್ಚಲೆಂದು ಬಂದವರಲ್ಲ. ತಲೆ ಬೋಳಿಸಬೇಡಿ, ಹುಡುಗರು ತಮ್ಮ ಬಟ್ಟೆಯನ್ನೇ ತೊಡಲಿ, ಸಾಲಿನಲ್ಲಿ ನಡೆಯುವಾಗ ಮಾತಾಡಿದರೆ ತಡೆಯಬೇಡಿ: ಅವರು ಕೇಳಿದ್ದು ಇಷ್ಟೇ. ಇದಕ್ಕೂ ಹಳೆಯ ಸಿಬ್ಬಂದಿ ಒಗ್ಗಲಿಲ್ಲ. ಮಿಲ್ಲರ್ ಅವರಂಥ ಕಮಿಷನರ್‌ಗಳು ಇಂದು ಬಂದು ನಾಳೆ ಹೋಗುವವರು, ತಾವು ಇಲ್ಲೇ ಇರುವವರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಿಲ್ಲರ್‌ಗೂ ಅದು ಬೇಗ ಅರ್ಥವಾಯಿತು. ಶಾಲೆಗಳನ್ನು ತಿದ್ದುವ ಬದಲು ಮುಚ್ಚಿಬಿಡಲು ನಿರ್ಧರಿಸಿದರು.

1972ರ ಜನವರಿಯಲ್ಲಿ ಕಾರುಗಳ ಸಾಲೊಂದು ಲೈಮನ್ ಶಾಲೆಯ ಹುಡುಗರನ್ನು ಹತ್ತಿಸಿಕೊಂಡು ಆಮ್‌ಹರ್ಸ್ಟ್‌ನ ವಿಶ್ವವಿದ್ಯಾಲಯದ ಕಡೆ ಹೊರಟಿತು. ಸುಮಾರು ನೂರು ಮಕ್ಕಳು ಒಂದು ತಿಂಗಳ ಕಾಲ ವಿದ್ಯಾರ್ಥಿಗಳ ಹಾಸ್ಟೆಲ್‌ನಲ್ಲಿದ್ದರು. ಒಬ್ಬೊಬ್ಬರಿಗೂ ಒಬ್ಬ ವಿದ್ಯಾರ್ಥಿ ಜೊತೆ. ಅಷ್ಟರಲ್ಲಿ ಅವರವರ ಮನೆ, ಸಾಕುಮನೆ, ಸಣ್ಣ ವಸತಿಗೃಹಗಳ ಏರ್ಪಾಡು ನಡೆಯಿತು. ಮಕ್ಕಳು ಹೋದರೂ ಖಾಲಿ ಕಟ್ಟಡಗಳ ಸಿಬ್ಬಂದಿಗೆ ಸಂಬಳ ನಿಲ್ಲಲಿಲ್ಲ. ಸರ್ಕಾರಿ ನೌಕರಿಯ ಗಟ್ಟಿತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ!

ಪೂರ್ವಸಿದ್ಧತೆಯಿಲ್ಲದೆ ನುಗ್ಗಿದರು ಎಂಬ ಟೀಕೆ ಆಗಲೇ ಬಂತು. ಸುಳ್ಳಲ್ಲ. ಆದರೆ ಸಿದ್ಧತೆ ಮುಗಿಯಲಿ ಎಂದು ಕಾದಿದ್ದರೆ ಶಾಲೆಗಳು ಮುಚ್ಚುತ್ತಲೇ ಇರಲಿಲ್ಲ ಎನಿಸುತ್ತದೆ. ಆತುರದ ಬೆಲೆ ಮಾತ್ರ ಅಂಕಿಅಂಶಗಳಲ್ಲಿ ಕಾಣಿಸಿತು. ಹಾರ್ವರ್ಡ್‌ನ ಲಾಯ್ಡ್ ಓಲಿನ್ ತಂಡ ವರ್ಷಗಟ್ಟಲೆ ಅಧ್ಯಯನ ಮಾಡಿದಾಗ, ರಾಜ್ಯದಲ್ಲಿ ಒಟ್ಟಾರೆ ಮರಳಿ ಅಪರಾಧಕ್ಕಿಳಿಯುವವರ ಪ್ರಮಾಣ ತಗ್ಗಿರಲಿಲ್ಲ. ಆದರೆ ಬಗೆಬಗೆಯ ಬದಲಿ ವ್ಯವಸ್ಥೆಗಳು ಚೆನ್ನಾಗಿ ಬೇರುಬಿಟ್ಟಿದ್ದ ಪ್ರದೇಶಗಳಲ್ಲಿ ಫಲ ಉತ್ತಮವಾಗಿತ್ತು.

1973ರಲ್ಲಿ ಮ್ಯಾಸಚೂಸೆಟ್ಸ್ ಬಿಟ್ಟ ಮಿಲ್ಲರ್, ಇಲಿನಾಯ್ ಬಳಿಕ ಪೆನ್ಸಿಲ್ವೇನಿಯಕ್ಕೆ ಹೋಗಿ, ಕ್ಯಾಂಪ್ ಹಿಲ್‌ನ ವಯಸ್ಕರ ಜೈಲಿನಿಂದ ಬಾಲಕರನ್ನು ಹೊರತರುವ ಕೆಲಸಕ್ಕಿಳಿದರು. 1977ರಲ್ಲಿ ಜೈಲಿಗೆ ಬದಲಿ ದಾರಿ ಹುಡುಕುವ ಸ್ವಂತ ಸಂಸ್ಥೆಯನ್ನೇ ಕಟ್ಟಿದರು. ಜೈಲು ಬೇಡವೆಂದರೆ ಮತ್ತೇನು ಎಂದು ನ್ಯಾಯಾಧೀಶರು ಕೇಳುವುದು ಖಚಿತವಾಗಿತ್ತು. ಅದಕ್ಕೆ ಆ ಸಂಸ್ಥೆ ಒಬ್ಬೊಬ್ಬ ಆರೋಪಿಗೂ ಬೇರೆಯೇ ಯೋಜನೆ ಬರೆದು ಕೋರ್ಟಿಗೆ ಒಪ್ಪಿಸತೊಡಗಿತು: ಅವನು ಎಲ್ಲಿ ಇರುತ್ತಾನೆ, ಏನು ಕೆಲಸ ಮಾಡುತ್ತಾನೆ, ನೊಂದವರಿಗೆ ನಷ್ಟ ಹೇಗೆ ತುಂಬಿಕೊಡುತ್ತಾನೆ, ಅವನ ಮೇಲೆ ಕಣ್ಣಿಡುವವರು ಯಾರು.