‘ಸೋಶಿಯಲ್ ವರ್ಕರ್’ ಅನ್ನೋಕೂ ಲೈಸೆನ್ಸ್ ಬೇಕೆ?

ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ನಮ್ಮ ಸರ್ಕಲ್ಲುಗಳಲ್ಲಿ ಏಳುವ ಫ್ಲೆಕ್ಸುಗಳನ್ನು ನೋಡಿರುತ್ತೀರಿ. ಹತ್ತು ಮುಖಗಳಿದ್ದರೆ ಆರೇಳರ ಕೆಳಗೆ ‘ಸಮಾಜ ಸೇವಕರು’ ಅಂತ ಇರುತ್ತದೆ. ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ನಾವು ಸಾಫ್ಟ್‌ವೇರಿನವರೂ ಯಾವ ಲೈಸೆನ್ಸೂ ಇಲ್ಲದೆ ‘ಇಂಜಿನಿಯರ್’ ಅಂತ ಕಾರ್ಡು ಮಾಡಿಸಿಕೊಂಡವರೇ ಬಿಡಿ :)

ಇಂಗ್ಲೆಂಡಿನಲ್ಲಿ ಹಾಗಲ್ಲ. 2005ರ ಏಪ್ರಿಲ್ 1ರಿಂದ ಅಲ್ಲಿ ರಿಜಿಸ್ಟರ್ ಆಗದವರು ಜನರನ್ನು ನಂಬಿಸಲು ‘ಸೋಶಿಯಲ್ ವರ್ಕರ್’ ಅಂತ ಹೇಳಿಕೊಂಡರೆ ಅದು ಅಪರಾಧ. ಒಂದು ಹೆಸರಿಗೆ ಇಷ್ಟೊಂದು ಕಾವಲು ಯಾಕೆ? ಅಲ್ಲಿ ಒಂದು ಮಗು ಮನೆಯಲ್ಲಿರಬೇಕೋ, ಅದನ್ನು ತಂದೆತಾಯಿಯಿಂದ ಬಿಡಿಸಬೇಕೋ ಎಂದು ಕೋರ್ಟು ತೀರ್ಮಾನಿಸುವಾಗ ಎದುರಿಗಿರುವುದು ಇವರು ಬರೆದ ವರದಿ.

1973ರಲ್ಲಿ ಬ್ರೈಟನ್ನಿನಲ್ಲಿ ಮರಿಯಾ ಕೋಲ್ವೆಲ್ ಎಂಬ ಏಳು ವರ್ಷದ ಹುಡುಗಿಯನ್ನು ಮಲತಂದೆ ಹೊಡೆದು ಕೊಂದ. ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದವಳನ್ನು ಅಧಿಕಾರಿಗಳೇ ತಾಯಿಯ ಬಳಿಗೆ ಮರಳಿಸಿದ್ದರು. ದೊಡ್ಡ ವಿಚಾರಣೆ ನಡೆಯಿತು. ಆದರೂ ರಿಜಿಸ್ಟರ್ ಬರಲು ಸುಮಾರು ಮೂವತ್ತು ವರ್ಷ ಬೇಕಾಯಿತು. ವೃತ್ತಿಯ ಒಳಗೇ ಒಮ್ಮತವಿರಲಿಲ್ಲ. ಡಾಕ್ಟರು, ವಕೀಲರ ಹಾಗೆ ಬೇಲಿ ಹಾಕಿಕೊಂಡರೆ ಬಡವರಿಂದ ದೂರವಾಗುತ್ತೇವೆ ಎಂಬ ವಾದ ಗಟ್ಟಿಯಾಗಿತ್ತು.

ಕೊನೆಗೆ 2000ದಲ್ಲಿ ಕೇರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಬಂತು. 2001ರಲ್ಲಿ ಜನರಲ್ ಸೋಶಿಯಲ್ ಕೇರ್ ಕೌನ್ಸಿಲ್ ಶುರುವಾಯಿತು. ಆ ಕಾಯ್ದೆ ಪಾರ್ಲಿಮೆಂಟಿನಲ್ಲಿದ್ದಾಗಲೇ, 2000ದ ಫೆಬ್ರವರಿಯಲ್ಲಿ, ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಲಂಡನ್ನಿನಲ್ಲಿ ಸತ್ತಳು. ಮೈಮೇಲೆ 128 ಗಾಯಗಳು! ಲಾರ್ಡ್ ಲ್ಯಾಮಿಂಗ್ ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಅವಳ ಕೇಸು ನೋಡುತ್ತಿದ್ದ ಕಿರಿಯ ಸೋಶಿಯಲ್ ವರ್ಕರ್ ಕೈಯಲ್ಲಿ 19 ಕೇಸುಗಳಿದ್ದವು. ಇರಬೇಕಾಗಿದ್ದ ಮಿತಿ 12.

ಅದೇ ಹ್ಯಾರಿಂಗೇ ಪ್ರದೇಶದಲ್ಲಿ 2007ರಲ್ಲಿ ಹದಿನೇಳು ತಿಂಗಳ ಪೀಟರ್ ಸತ್ತ. ಅಷ್ಟರಲ್ಲಿ ರಿಜಿಸ್ಟರ್ ಇತ್ತು, ಹೆಸರಿಗೆ ಕಾವಲಿತ್ತು. ಇಬ್ಬರು ಸೋಶಿಯಲ್ ವರ್ಕರುಗಳ ನೋಂದಣಿ ಕೆಲವು ತಿಂಗಳು ಅಮಾನತಾಯಿತು. ಕೌನ್ಸಿಲ್ 2012ರಲ್ಲಿ ಮುಚ್ಚಿ ಆ ಕೆಲಸ ಇನ್ನೊಂದು ಸಂಸ್ಥೆಗೆ ಹೋಯಿತು. 2019ರ ಡಿಸೆಂಬರಿನಿಂದ ಸೋಶಿಯಲ್ ವರ್ಕ್ ಇಂಗ್ಲೆಂಡ್ ನೋಡಿಕೊಳ್ಳುತ್ತಿದೆ.

ನನಗನ್ನಿಸುವುದು ಇಷ್ಟು: ರಿಜಿಸ್ಟರು ಒಬ್ಬ ವ್ಯಕ್ತಿಯನ್ನು ‘ನೀನೇನು ಮಾಡಿದೆ’ ಎಂದು ಕೇಳಬಲ್ಲದು. ‘ಇವಳಿಗೆ 19 ಕೇಸು ಕೊಟ್ಟವರು ಯಾರು’ ಎಂದು ಕೇಳುವ ಶಕ್ತಿ ಅದಕ್ಕಿಲ್ಲ.

ಈಗ ನಮ್ಮಲ್ಲಿಗೆ ಬನ್ನಿ. ಸಮಾಜಕಾರ್ಯದ ಮೊದಲ ಶಾಲೆ ಮುಂಬಯಿಯಲ್ಲಿ 1936ರಲ್ಲೇ ಶುರುವಾಯಿತು, ಇಂದಿನ ಟಾಟಾ ಇನ್‌ಸ್ಟಿಟ್ಯೂಟ್ ಅದೇ. ವಕೀಲರಿಗೆ 1961ರಲ್ಲಿ ಕಾಯ್ದೆ ಬಂತು, ನರ್ಸುಗಳಿಗೆ 1947ರಲ್ಲೇ ಬಂದಿತ್ತು. ಇಡೀ ಸಮಾಜಕಾರ್ಯಕ್ಕೆ ಅಂಥ ಕೇಂದ್ರ ಕಾಯ್ದೆ ಇವತ್ತಿಗೂ ಇಲ್ಲ. ಬಂದಿರುವುದು ಆಸ್ಪತ್ರೆಯ ಬಾಗಿಲಿನಿಂದ ಮಾತ್ರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಅರ್ಹತೆ ಹೇಳಿತು: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮೇಲೆ ಎರಡು ವರ್ಷದ ಎಂಫಿಲ್. ನಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಓದಿಸುವುದು ಇದನ್ನೇ. 2021ರ ಆರೋಗ್ಯ ವೃತ್ತಿಗಳ ಕಾಯ್ದೆ ಇವರನ್ನೂ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ಪಟ್ಟಿಗೆ ಸೇರಿಸಿತು.

ಆದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಮನೆಮನೆಗೆ ಹೋಗಿ ಸಾಮಾಜಿಕ ತನಿಖಾ ವರದಿ ಬರೆಯುವವರು? ಒಂದು ಮಗುವಿನ ಮುಂದಿನ ಬದುಕು ಆ ನಾಲ್ಕು ಹಾಳೆಗಳ ಮೇಲೆ ನಿಂತಿರುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ಗುತ್ತಿಗೆ ನೌಕರರು. ಅವರಿಗೊಂದು ರಿಜಿಸ್ಟರ್ ಬೇಕೇ ಬೇಕು ಅನ್ನುತ್ತೇನೆ. ಜೊತೆಗೆ ಒಬ್ಬರಿಗೆ ಎಷ್ಟು ಕೇಸು ಎಂಬ ಮಿತಿಯೂ ಅದೇ ಕಾಯ್ದೆಯಲ್ಲಿರಲಿ. ಇಲ್ಲದಿದ್ದರೆ ಲೈಸೆನ್ಸು ಅನ್ನುವುದು ತಪ್ಪು ಹೊರಿಸಲು ಸಿಕ್ಕ ವಿಳಾಸವಷ್ಟೇ ಆದೀತು.

ಎಂಎಸ್‌ಡಬ್ಲ್ಯೂ ಮಾಡಿದ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೇನನ್ನಿಸುತ್ತೆ ಹೇಳಿ.