ಓಡುವ ಯಂತ್ರದ ಸ್ವಚ್ಛತೆ ಮತ್ತು ಅಪಘಾತ: ಹಾವೇರಿ ಸೀಮೆ

ಯಂತ್ರವನ್ನು ನಿಲ್ಲಿಸದೆ ಒರೆಸುವಾಗ, ಸಿಕ್ಕಿದ್ದನ್ನು ಕೀಳುವಾಗ, ಎಣ್ಣೆ ಬಿಡುವಾಗ ಆಗುವ ಗಾಯಗಳಿವು. ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಈ ಮಾತು ಬಂದರೆ ಮೊದಲು ನೋಡಬೇಕಾದ್ದು ಹತ್ತಿ ಜಿನ್ನು ಮತ್ತು ಖಾರದ ಪುಡಿ ಗಿರಣಿಗಳನ್ನು.

ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ತಳಿಯೂ ಗರಗಸದ ಜಿನ್ನೂ ಬಂದದ್ದು 1840ರ ದಶಕದಲ್ಲಿ. ರೋಲರ್ ಜಿನ್ನಿನಲ್ಲಿ ತೊಗಲಿನ ಉರುಳೆ ಅರಳೆಯನ್ನು ಎಳೆಯುತ್ತದೆ, ಅಲಗು ಬೀಜವನ್ನು ತಡೆಯುತ್ತದೆ. ಎಳೆ ಸಿಕ್ಕಿಕೊಂಡರೆ ಕೈ ಹೋಗುವುದು ಈ ಎರಡರ ನಡುವಿಗೇ. ಖಾರದ ಗಿರಣಿಯ ಕಾಟ ಬೇರೆ. ಮೆಣಸಿನಕಾಯಿಯ ಎಣ್ಣೆಯಂಶದಿಂದ ಪುಡಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಒಳಗಿನ ಸುತ್ತಿಗೆಗಳು ಕೆಲಹೊತ್ತು ತಿರುಗುತ್ತಲೇ ಇರುತ್ತವೆ. ಅವಸರಪಟ್ಟು ಮುಚ್ಚಳ ತೆರೆದರೆ ಬೆರಳು ಹೋಯಿತು.

ಬ್ರಿಟನ್ 1844ರಲ್ಲೇ ಮಕ್ಕಳಿಂದ ಓಡುವ ಯಂತ್ರ ಒರೆಸುವುದನ್ನು ನಿಷೇಧಿಸಿತ್ತು. ಭಾರತದ 1881ರ ಕಾರ್ಖಾನೆ ಕಾಯ್ದೆ ಯಂತ್ರಕ್ಕೆ ಬೇಲಿ ಹಾಕಿಸಿತಾದರೂ ಅನ್ವಯಿಸಿದ್ದು ನೂರು ಜನ ದುಡಿಯುವ, ವರ್ಷಕ್ಕೆ ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದೆ ನಡೆಯುವ ಕಾರ್ಖಾನೆಗಳಿಗೆ. ಸುಗ್ಗಿಯಲ್ಲಷ್ಟೇ ಓಡುವ ಜಿನ್ನು ತಪ್ಪಿಸಿಕೊಂಡಿತು. ಹಂಗಾಮಿ ಕಾರ್ಖಾನೆಗಳು ಕಾನೂನಿನೊಳಗೆ ಬಂದದ್ದು 1911ರಲ್ಲಿ. ಸ್ವತಂತ್ರ ಭಾರತದ 1948ರ ಕಾಯ್ದೆಯ 22ನೇ ಕಲಂ ಸ್ಪಷ್ಟವಾಗಿತ್ತು: ಓಡುವ ಯಂತ್ರದ ಹತ್ತಿರ ಕೆಲಸ ಅನಿವಾರ್ಯವಾದರೆ ತರಬೇತಿ ಪಡೆದ, ಮೈಗಂಟಿದ ಉಡುಪು ತೊಟ್ಟ ವಯಸ್ಕ ಗಂಡಾಳು ಮಾತ್ರ ಮಾಡಬೇಕು, ಅವನ ಹೆಸರು ರಿಜಿಸ್ಟರಿನಲ್ಲಿರಬೇಕು, ಹೆಂಗಸರಿಂದಲೂ ಎಳೆಯರಿಂದಲೂ ಒರೆಸುವ, ಎಣ್ಣೆ ಬಿಡುವ ಕೆಲಸ ಮಾಡಿಸಕೂಡದು.

ಪರಿಹಾರದ ಕಥೆ ಇನ್ನೂ ಬಿಗಿ. 1923ರ ಪರಿಹಾರ ಕಾಯ್ದೆಯ ತಿದ್ದುಪಡಿಗೊಂಡ ಪಟ್ಟಿ ಹೆಬ್ಬೆರಳು ಹೋದರೆ ಗಳಿಕೆಯ ಶೇ. 30, ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ. 50 ನಷ್ಟವೆಂದು ಲೆಕ್ಕ ಹಾಕಿತು. ಆದರೆ ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದವನಿಗೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯದ ಹೊರತು, ಪರಿಹಾರವಿಲ್ಲವೆಂದೂ ಅದೇ ಕಾಯ್ದೆ ಹೇಳಿತು. ‘ಓಡುವ ಯಂತ್ರ ಮುಟ್ಟಬೇಡಿ’ ಎಂಬ ಗೋಡೆಬರಹ ಹೀಗೆ ಮಾಲೀಕರ ವಾದಕ್ಕೂ ಆಸರೆಯಾಯಿತು. ಮಾಲು ಮುಗಿಯುವ ತನಕ ಯಂತ್ರ ನಿಲ್ಲಿಸಬೇಡ ಎಂಬ ಬಾಯಿಮಾತಿನ ತಾಕೀತಿಗೆ ಮಾತ್ರ ದಾಖಲೆ ಇರುವುದಿಲ್ಲ.

ವಿದ್ಯುತ್ ಕಡಿದು ಬೀಗ ಹಾಕಿದ ನಂತರವೇ ಯಂತ್ರಕ್ಕೆ ಕೈ ಹಚ್ಚಬೇಕೆಂಬ ನಿಯಮವನ್ನು ಅಮೆರಿಕ 1989ರಲ್ಲಿ ಹೊರಡಿಸಿತು. ಬೀಗಕ್ಕೆ ತಗಲುವ ಖರ್ಚು ಅಲ್ಪ.

1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆ ಎನಿಸಲು ಹತ್ತು ಆಳು ಸಾಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ, ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಅದನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕೈದು ಆಳಿನ ಖಾರದ ಗಿರಣಿ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ.